ಸಣ್ಣ ಲ್ಯಾಪ್‌ಟಾಪಿಗೆ ಹಗುರವಾದ ಆಪರೇಟಿಂಗ್ ಸಿಸ್ಟಂ

ಮೈಕ್ರೋಸಾಫ್ಟ್ ಕಂಪೆನಿಯವರು ತಮ್ಮ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಧಾರಣ ಬೆಂಬಲವನ್ನು 2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ಮುಗಿಸಿದರು. ಹೆಸರು ನೋಂದಾಯಿಸಿಕೊಂಡ ಗೃಹಸ್ಥರಿಗೆ ಮಾತ್ರ ರಕ್ಷಣೆಯ ತಿದ್ದುಪಡಿಗಳನ್ನು 2026ರ ಅಕ್ಟೋಬರ್ 13ರವರೆಗೆ ಒದಗಿಸುವುದಾಗಿ ಹೇಳಿ, ಮಿಕ್ಕವರು ವಿಂಡೋಸ್ 11ಕ್ಕೆ ಹೋಗತಕ್ಕದ್ದೆಂದು ಸೂಚಿಸಿದರು. ಹೋಗೋಣವೆಂದರೆ ಆ ಬಾಗಿಲಿನಲ್ಲಿ ಕಾವಲುಂಟು. ಇಂಟೆಲ್ ಕಂಪೆನಿಯ ಪ್ರೊಸೆಸರ್ ಆದರೆ ಸುಮಾರಾಗಿ ಎಂಟನೆಯ ತಲೆಮಾರಿನದೋ ಅದಕ್ಕೂ ಈಚಿನದೋ ಆಗಿರಬೇಕು. ಟಿಪಿಎಂ ಎಂಬ ಭದ್ರತಾ ಚಿಪ್ಪು ಇರಬೇಕು. 64 ಗಿಗಾಬೈಟು ಸ್ಥಳವಿರಬೇಕು. ಇಷ್ಟಿಲ್ಲದ ಸಣ್ಣ ಲ್ಯಾಪ್‌ಟಾಪುಗಳು ಜಯನಗರದ ಪಿಂಚಣಿದಾರರ ಮೇಜುಗಳ ಮೇಲೆ, ಜೆ.ಪಿ. ನಗರದ ವಿದ್ಯಾರ್ಥಿಗಳ ಕಪಾಟುಗಳಲ್ಲಿ, ಬನಶಂಕರಿಯ ಜೆರಾಕ್ಸ್ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಬಿ.ಟಿ.ಎಂ. ಬಡಾವಣೆಯ ಪಿ.ಜಿ. ಕೊಠಡಿಗಳಲ್ಲಿ ಇನ್ನೂ ಇವೆ. ಇವುಗಳ ಕೀಲಿ ಸವೆದಿಲ್ಲ, ತೆರೆ ಒಡೆದಿಲ್ಲ. ಗುಂಡಿಯನ್ನೊತ್ತಿದ ಮೇಲೆ ಕಾಫಿ ಕುಡಿದು ಬರುವಷ್ಟು ಹೊತ್ತು ಕಾಯಬೇಕೆಂಬುದೊಂದೇ ಇವುಗಳ ಮೇಲಿನ ಆರೋಪ. ಈ ಕಾರಣಕ್ಕೆ ಇವನ್ನು ಗುಜರಿಗೆ ಹಾಕಿ ಮೂವತ್ತು ನಲವತ್ತು ಸಾವಿರ ರೂಪಾಯಿಗಳನ್ನು ಹೊಸದಕ್ಕೆ ತೆರಬೇಕೇ ಎಂಬುದು ಇಂದಿನ ಪ್ರಶ್ನೆ. ಬಹುಪಾಲು ಮನೆಗಳಿಗೆ ಬೇಡವೆಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ಯಾರಿಗೆ ಈ ಮಾತು ಅನ್ವಯಿಸದೆಂಬುದನ್ನೂ ಇಲ್ಲಿ ಹೇಳುತ್ತೇವೆ.

ಆಪರೇಟಿಂಗ್ ಸಿಸ್ಟಂ ಎಂಬುದು ಯಂತ್ರಕ್ಕೂ ನಾವು ಮಾಡುವ ಕೆಲಸಕ್ಕೂ ನಡುವೆ ನಿಂತ ಕಾರಭಾರಿ. ಗುಂಡಿ ಒತ್ತಿದೊಡನೆ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಮೊದಲು ಏಳುತ್ತದೆ. ಅದು ಬೂಟ್‌ಲೋಡರನ್ನು ಕರೆಯುತ್ತದೆ, ಬೂಟ್‌ಲೋಡರು ಕರ್ನಲ್ಲನ್ನು ನೆನಪಿಗೆ ತುಂಬುತ್ತದೆ. ಕರ್ನಲ್ಲು ಯಂತ್ರದ ಅಂಗಾಂಗಗಳನ್ನು ಗುರುತಿಸಿಕೊಂಡ ಬಳಿಕ ಹಿನ್ನೆಲೆಯ ಸೇವೆಗಳು ಒಂದೊಂದಾಗಿ ಶುರುವಾಗುತ್ತವೆ. ಕಟ್ಟಕಡೆಗೆ ಡೆಸ್ಕ್‌ಟಾಪು ಕಣ್ಣಿಗೆ ಬೀಳುತ್ತದೆ. ಹತ್ತು ವರ್ಷದ ಹಿಂದೆ ಚುರುಕಾಗಿದ್ದ ಯಂತ್ರವು ಇಂದು ನಿಧಾನವಾಗಿದ್ದರೆ ಅದರ ಪ್ರೊಸೆಸರು ಮುಪ್ಪಾಗಿದೆಯೆಂದು ತಿಳಿಯಬೇಕಾಗಿಲ್ಲ. ಗಾಡಿ ಅದೇ, ಹೇರು ಹೆಚ್ಚಿದೆ. ಹೇರು ಹೇರಿದ ಸಾಫ್ಟ್‌ವೇರನ್ನು ಬಿಟ್ಟು ಲ್ಯಾಪ್‌ಟಾಪನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಸಣ್ಣ ಲ್ಯಾಪ್‌ಟಾಪಿನ ಚರಿತ್ರೆಯನ್ನು ನೋಡಿದರೂ ಇದೇ ತಿಳಿಯುತ್ತದೆ. 2007ರ ಅಕ್ಟೋಬರಿನಲ್ಲಿ ತೈವಾನಿನ ಏಸುಸ್ ಕಂಪೆನಿಯು ಇ ಪಿಸಿ ಎಂಬ ಏಳು ಅಂಗುಲದ ತೆರೆಯ ಕಿರುಯಂತ್ರವನ್ನು ಹೊರಡಿಸಿದಾಗ ಅದರೊಳಗಿದ್ದದ್ದು ಅರ್ಧ ಗಿಗಾಬೈಟು ನೆನಪು, ನಾಲ್ಕು ಗಿಗಾಬೈಟು ಸಂಗ್ರಹ, ಮತ್ತು ಲಿನಕ್ಸಿನ ಒಂದು ರೂಪ. ಅಂದರೆ ಈ ಜಾತಿಯ ಯಂತ್ರಗಳು ಹುಟ್ಟಿದ್ದೇ ಹಗುರವಾದ ವ್ಯವಸ್ಥೆಯೊಡನೆ. ಮಾರಾಟ ಕುದುರಿದ ಮೇಲೆ ವಿಂಡೋಸ್ ಎಕ್ಸ್‌ಪಿ ಬಂತು. 2009ರ ಬಳಿಕ ವಿಂಡೋಸ್ 7 ಸ್ಟಾರ್ಟರ್ ಬಂತು. ಇದರಲ್ಲಿ ತೆರೆಯ ಹಿನ್ನೆಲೆಯ ಚಿತ್ರವನ್ನು ಬದಲಿಸುವ ಸ್ವಾತಂತ್ರ್ಯವೂ ಯಜಮಾನನಿಗೆ ಇರಲಿಲ್ಲ! ಪ್ರತಿಯೊಂದು ಹೆಜ್ಜೆಯಲ್ಲಿಯೂ ಹೇರು ಏರಿತು, ಯಂತ್ರ ಹಾಗೆಯೇ ಉಳಿಯಿತು.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಇಂಟೆಲ್ಲಿನ ಇಬ್ಬರು ಎಂಜಿನಿಯರುಗಳಾದ ಆರ್ಯನ್ ವಾನ್ ಡಿ ವೆನ್ ಮತ್ತು ಔಕ ಕಾಕ್ ಎಂಬವರು ಇದೇ ಇ ಪಿಸಿಯ ಒಂದು ಮಾದರಿಯನ್ನು ಐದು ಸೆಕೆಂಡುಗಳಲ್ಲಿ ಎಬ್ಬಿಸಿ ತೋರಿಸಿದರು. ಅವರ ಕ್ರಮ ನಮ್ಮ ಗೃಹಿಣಿಯರಿಗೆ ಹೊಸತೆನಿಸಲಾರದು. ಯಾವುದನ್ನು ಎಷ್ಟು ಬೇಗ ಮಾಡಬಹುದೆಂದು ಅವರು ಹುಡುಕುತ್ತ ಕೂರಲಿಲ್ಲ. ಇರುವುದೇ ಐದು ಸೆಕೆಂಡು ಎಂದು ನಿಶ್ಚಯಿಸಿಕೊಂಡು ತಿಂಗಳ ಸಂಬಳವನ್ನು ಹಂಚುವಂತೆ ಹಂಚಿದರು: ಕರ್ನಲ್ಲಿಗೆ ಒಂದು, ಆರಂಭದ ಸಿದ್ಧತೆಗಳಿಗೆ ಒಂದು, ತೆರೆಯ ಚಿತ್ರವ್ಯವಸ್ಥೆಗೆ ಒಂದು, ಡೆಸ್ಕ್‌ಟಾಪಿಗೆ ಎರಡು. ಈ ಆಯವ್ಯಯದಲ್ಲಿ ಅಡಕವಾಗದ ಸೇವೆಗಳನ್ನು ತೆಗೆದುಹಾಕಿದರು, ಇಲ್ಲವೇ ತಡವಾಗಿ ಏಳುವಂತೆ ಮಾಡಿದರು. ವೇಗವೆಂಬುದು ಕೊಂಡು ಸೇರಿಸುವ ವಸ್ತುವಲ್ಲ, ಬೇಡವಾದದ್ದನ್ನು ಕಳೆದಾಗ ಉಳಿಯುವ ವಸ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣ ನಮಗೆ ತೋರುವುದಿಲ್ಲ. ಈಗಿನ ಲಿನಕ್ಸುಗಳಲ್ಲಿ ಬಹುಪಾಲು ಬಳಸುವ, 2010ರಲ್ಲಿ ಹೊರಬಂದ ಸಿಸ್ಟಂಡಿ ಎಂಬ ವ್ಯವಸ್ಥಾಪಕವು ಸೇವೆಗಳನ್ನು ಒಂದರ ಹಿಂದೊಂದಾಗಿ ಎಬ್ಬಿಸುವ ಬದಲು ಸಾಧ್ಯವಾದವನ್ನೆಲ್ಲ ಏಕಕಾಲಕ್ಕೆ ಎಬ್ಬಿಸುತ್ತದೆ. ಯಾವ ಸೇವೆ ಎಷ್ಟು ಹೊತ್ತು ತಿಂದಿತೆಂಬ ಲೆಕ್ಕವನ್ನೂ ಕೇಳಿದರೆ ಒಪ್ಪಿಸುತ್ತದೆ. ಕಛೇರಿಯ ಕಡತಗಳು ಯಾರ ಮೇಜಿನಲ್ಲಿ ಎಷ್ಟು ದಿನ ಮಲಗಿದ್ದವೆಂಬುದಕ್ಕೂ ಇಂಥ ಲೆಕ್ಕವಿದ್ದರೆ ಚೆನ್ನಾಗಿತ್ತು. ಆ ಮಾತು ಇಲ್ಲಿ ಅಪ್ರಸ್ತುತ.

ಇದೆಲ್ಲ ಪರದೇಶದ ಪಂಡಿತರ ಆಟವೆಂದು ವಾಚಕರು ತಿಳಿಯಬಾರದು. ಕಿರಿದಾದ ಯಂತ್ರದಲ್ಲಿ ಹಗುರವಾದ ವ್ಯವಸ್ಥೆಯನ್ನು ಕೂರಿಸುವ ವಿದ್ಯೆ ಬೆಂಗಳೂರಿಗೆ ಹಳೆಯದು. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪೆನಿಯವರೂ ಕೂಡಿ ರೂಪಿಸಿ 2001ರಲ್ಲಿ ಜನರೆದುರಿಗೆ ತಂದ ಸಿಂಪ್ಯೂಟರ್ ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. ಅದರ ನೆನಪು ಇಂದಿನ ಅತಿ ಬಡ ಲ್ಯಾಪ್‌ಟಾಪಿನ ಇಪ್ಪತ್ತರಲ್ಲೊಂದು ಪಾಲೂ ಇರಲಿಲ್ಲ. ಆದರೂ ಅದು ಕನ್ನಡವನ್ನು ಓದಿ ಹೇಳಬಲ್ಲದ್ದಾಗಿತ್ತು. 2004ರಲ್ಲಿ ಅಮಿಡ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದು, ಮಾರುಕಟ್ಟೆಯಲ್ಲಿ ನಿಲ್ಲದೆ ಹೋಯಿತು. ಯಂತ್ರ ಹೋದರೂ ಅದು ಸಾಧಿಸಿ ತೋರಿಸಿದ್ದು ಹೋಗಿಲ್ಲ. ಅಷ್ಟು ದೂರವೇಕೆ? ಜಯನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ನಡುವೆ, ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಹತ್ತಿರ ಸುದರ್ಶನ ಬಡಾವಣೆಯೆಂಬ ಕೊಳೆಗೇರಿಯುಂಟು. ಅಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವೆಂಬುದನ್ನು ತೆರೆದು, ಕೂಲಿಕಾರರ ಮಕ್ಕಳಿಗೆ ಲಿನಕ್ಸ್ ಕಲಿಸಿದರು. ಆ ಮಕ್ಕಳು ಗಿಂಪ್ ಎಂಬ ಚಿತ್ರದ ತಂತ್ರಾಂಶದಲ್ಲಿ ಬಿಡಿಸಿದ ಚಿತ್ರಗಳು ಹತ್ತು ಜನರ ಮೆಚ್ಚಿಗೆಯನ್ನು ಪಡೆದವು. ತಂತ್ರಾಂಶಕ್ಕೆ ಲೈಸೆನ್ಸಿನ ಶುಲ್ಕವನ್ನು ತೆರಬೇಕಾಗಿದ್ದರೆ ಆ ಕೇಂದ್ರದ ಬಾಗಿಲು ತೆರೆಯುವುದೇ ಕಷ್ಟವಾಗುತ್ತಿತ್ತು. ಲಿನಕ್ಸು ನಮ್ಮಂಥವರಿಗೆ ಅತೀತವಾದದ್ದೆಂದು ಕೈಚೆಲ್ಲುವ ಸುಶಿಕ್ಷಿತ ಗೃಹಸ್ಥರು ಗುರಪ್ಪನಪಾಳ್ಯದ ಆ ಹುಡುಗ ಹುಡುಗಿಯರನ್ನು ನೆನೆಯುವುದೊಳ್ಳೆಯದು.

ಇನ್ನು ಆಯ್ಕೆಯ ವಿಷಯ. ಯಾವ ಆಪರೇಟಿಂಗ್ ಸಿಸ್ಟಂ ಎಂದು ಕೇಳುವ ಮೊದಲು ಯಂತ್ರದೊಳಗಿನ ಡಿಸ್ಕು ಯಾವುದೆಂದು ಕೇಳತಕ್ಕದ್ದು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕು ಆದರೆ ಯಾವ ವ್ಯವಸ್ಥೆಯನ್ನು ಕೂರಿಸಿದರೂ ಅರ್ಧ ಸುಖವಷ್ಟೇ. ಆರಂಭದಲ್ಲಿ ಓದಬೇಕಾದ ಸಾವಿರಾರು ಸಣ್ಣ ಸಣ್ಣ ಕಡತಗಳಿಗಾಗಿ ಆ ಡಿಸ್ಕಿನ ಮುಳ್ಳು ಅತ್ತಿತ್ತ ಓಡಾಡುವುದರಲ್ಲಿಯೇ ಕಾಲಹರಣವಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲಿಗೆ ಅದನ್ನು ಕೊಂಡು, ಅಲ್ಲಿಯೇ ಹಾಕಿಸಿಕೊಂಡು ಬರಬಹುದು. ಎರಡರಲ್ಲಿ ಒಂದನ್ನೇ ಮಾಡಲು ಶಕ್ತಿಯಿದ್ದರೆ ಡಿಸ್ಕನ್ನೇ ಮೊದಲು ಬದಲಿಸಿರೆಂದು ನಾವು ಹೇಳುತ್ತೇವೆ. ಆದರೆ ಅತಿ ಸೋವಿಯ ಕೆಲವು ಮಾದರಿಗಳಲ್ಲಿ 32 ಗಿಗಾಬೈಟಿನ ಇಎಂಎಂಸಿ ಎಂಬ ಸಂಗ್ರಹವನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನು ಬದಲಿಸಲಾಗದು. ವಿಂಡೋಸಿನ ಒಂದೊಂದು ದೊಡ್ಡ ಅಪ್‌ಡೇಟಿಗೂ ಸ್ಥಳ ಸಾಲದೆ ಉಸಿರುಗಟ್ಟುವ ಈ ಯಂತ್ರಗಳಿಗೇ ಹಗುರವಾದ ಲಿನಕ್ಸು ಅತ್ಯಂತ ಉಪಕಾರಿ.

ಎರಡನೆಯದು ನೆನಪು, ಅಂದರೆ ರ‍್ಯಾಮು. ಇಲ್ಲಿ ಉತ್ಸಾಹಿ ತರುಣರ ಜಾಹೀರಾತನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು. ನಮ್ಮ ವ್ಯವಸ್ಥೆ ಇನ್ನೂರು ಮುನ್ನೂರು ಮೆಗಾಬೈಟಿನಲ್ಲಿಯೇ ಏಳುತ್ತದೆಂದು ಅವರು ಹೇಳುವುದು ನಿಜ. ಆದರೆ ಎದ್ದ ಮೇಲೆ ಯಜಮಾನರು ಬ್ರೌಸರನ್ನು ತೆರೆದು ಬ್ಯಾಂಕು, ಯೂಟ್ಯೂಬು, ಮೈಲು, ಪತ್ರಿಕೆ ಎಂದು ನಾಲ್ಕೈದು ಪುಟಗಳನ್ನು ಹರಡಿದರೆ ಅದೊಂದೇ ಒಂದು ಗಿಗಾಬೈಟಿನ ಮೇಲೆ ನುಂಗುತ್ತದೆ. ಎರಡು ಗಿಗಾಬೈಟಿನ ಯಂತ್ರವು ಹಗುರವಾದ ವ್ಯವಸ್ಥೆಯಿಂದ ಬೇಗ ಏಳಬಹುದು. ಬ್ರೌಸರಿನಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದದ್ದು ತಪ್ಪದು. ಒಂದು ರ‍್ಯಾಮ್ ಕಡ್ಡಿಯನ್ನು ಹೆಚ್ಚಿಗೆ ಹಾಕಲು ಅವಕಾಶವಿದ್ದರೆ ಹಾಕಿಸುವುದೇ ಲೇಸು.

ಈಗ ಹೆಸರುಗಳಿಗೆ ಬರೋಣ. ಲಿನಕ್ಸಿನಲ್ಲಿ ನೂರಾರು ಬಗೆಗಳಿರುವುದರಿಂದ ಹೊಸಬರು ಸಂತೆಯಲ್ಲಿ ನಿಂತ ಹಾಗೆ ತಬ್ಬಿಬ್ಬಾಗುತ್ತಾರೆ. ನಾಲ್ಕು ಗಿಗಾಬೈಟು ನೆನಪಿರುವ 64 ಬಿಟ್ಟಿನ ಲ್ಯಾಪ್‌ಟಾಪಿಗೆ, ವಿಂಡೋಸಿನ ರೂಢಿಯಿರುವ ಗೃಹಸ್ಥರಿಗೆ, ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ನಾವು ಮೊದಲು ಹೇಳುತ್ತೇವೆ. ಅದು ಕನಿಷ್ಠ ಎರಡು ಗಿಗಾಬೈಟು ನೆನಪನ್ನೂ ಇಪ್ಪತ್ತು ಗಿಗಾಬೈಟು ಸ್ಥಳವನ್ನೂ ಕೇಳುತ್ತದೆ. ಮೆನು ಎಡಗಡೆಯ ಮೂಲೆಯಲ್ಲಿಯೇ ಇರುತ್ತದೆ. 2024ರಲ್ಲಿ ಹೊರಟ 22ನೆಯ ಆವೃತ್ತಿಗೆ 2029ರವರೆಗೆ ತಿದ್ದುಪಡಿಗಳು ದೊರೆಯುತ್ತವೆ. ಲುಬುಂಟು ಇದಕ್ಕಿಂತಲೂ ಒಂದು ತೂಕ ಹಗುರ. ಆದರೆ ಅದರ 24.04ಕ್ಕೆ 2027ರ ಏಪ್ರಿಲಿನವರೆಗೆ, ಮೂರೇ ವರ್ಷದ ಆಶ್ವಾಸನೆ. ಸ್ವಲ್ಪ ಕೈ ಪಳಗಿದವರು, ಅಥವಾ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇರುವವರು, ನೇರವಾಗಿ ಡೆಬಿಯನ್ನನ್ನೇ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನೊಡನೆ ಕೂರಿಸಿಕೊಳ್ಳಬಹುದು. 1993ರಲ್ಲಿ ಆರಂಭವಾಗಿ ಸ್ವಯಂಸೇವಕರಿಂದಲೇ ನಡೆದು ಬಂದಿರುವ ಈ ವ್ಯವಸ್ಥೆಯ 13ನೆಯ ಆವೃತ್ತಿ 2025ರ ಆಗಸ್ಟಿನಲ್ಲಿ ಬಂದಿದೆ. ಹಿಂದೆ ವೈಫೈ ಚಿಪ್ಪುಗಳಿಗೆ ಬೇಕಾದ ಫರ್ಮ್‌ವೇರನ್ನು ಬೇರೆಯಾಗಿ ಹುಡುಕಿ ತರಬೇಕಾಗಿದ್ದ ಪೀಡೆಯು 2023ರ 12ನೆಯ ಆವೃತ್ತಿಯಿಂದ ಬಹುಮಟ್ಟಿಗೆ ತಪ್ಪಿದೆ. ಕೇಂದ್ರ ಸರಕಾರದ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸೂ ಈ ಡೆಬಿಯನ್ನಿನ ಬುಡದಿಂದಲೇ ಚಿಗುರಿದ್ದು. ಹೆಸರಿನಲ್ಲಿ ಭಾರತವಿರುವುದು ನಮಗೆ ಸಂತೋಷವೇ. ಅದು ಸಣ್ಣ ಯಂತ್ರಗಳನ್ನೇ ಉದ್ದೇಶಿಸಿ ಮಾಡಿದ್ದಲ್ಲವಾದ ಕಾರಣ ಈ ಪ್ರಸಂಗದಲ್ಲಿ ನಾವು ಅದನ್ನು ಹೇಳುವುದಿಲ್ಲ.

ಗೂಗಲ್ ಕಂಪೆನಿಯು 2022ರಲ್ಲಿ ಕೊಟ್ಟ ಕ್ರೋಮ್ ಓಎಸ್ ಫ್ಲೆಕ್ಸ್ ನಾಲ್ಕು ಗಿಗಾಬೈಟಿನ ಯಂತ್ರದಲ್ಲಿ ಬೇಗನೆ ಏಳುತ್ತದೆ. ಬ್ರೌಸರಿನ ಹೊರಗೆ ಕೆಲಸವೇ ಇಲ್ಲದವರಿಗೆ ಅದು ಸಾಕು. ಪ್ಲೇ ಸ್ಟೋರಿನ ಆ್ಯಪುಗಳು ಅದರಲ್ಲಿ ನಡೆಯುವುದಿಲ್ಲ. ಒಂದು ಭಾರವನ್ನಿಳಿಸಿ ಇನ್ನೊಬ್ಬ ಯಜಮಾನನ ಮನೆಯ ಬಾಗಿಲನ್ನು ಕಾಯುವಂತಾಗುವುದೆಂಬುದು ನಮ್ಮ ಆಕ್ಷೇಪ.

ಇ ಪಿಸಿಯ ಕಾಲದ, 32 ಬಿಟ್ಟಿನ ಆ್ಯಟಂ ಪ್ರೊಸೆಸರಿನ ಯಂತ್ರಗಳ ಗತಿ ಬೇರೆ. ಡೆಬಿಯನ್ 13ರಿಂದ ಇವುಗಳಿಗೆ ಇನ್‌ಸ್ಟಾಲರು ಇಲ್ಲ. ಕ್ರೋಮ್ ಬ್ರೌಸರು 2016ರಲ್ಲಿಯೇ 32 ಬಿಟ್ಟಿನ ಲಿನಕ್ಸನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ 2025ರ ನವೆಂಬರಿನ 145ನೆಯ ಆವೃತ್ತಿಯಿಂದ ಬಿಟ್ಟಿತು. ಡೆಬಿಯನ್ 12ರ ಬುಡದ ಮೇಲೆ ಕಟ್ಟಿದ ಆ್ಯಂಟಿಎಕ್ಸ್ 23, ಮತ್ತು ಪಪ್ಪಿ ಲಿನಕ್ಸಿನ 32 ಬಿಟ್ಟಿನ ರೂಪ ಇವುಗಳಿಗೆ ಒದಗುತ್ತವೆ. ಪಪ್ಪಿಯು ಪೆನ್‌ಡ್ರೈವಿನಿಂದಲೇ ಎದ್ದು ಪೂರ್ತಿಯಾಗಿ ನೆನಪಿನಲ್ಲಿ ಕುಳಿತು ಕೆಲಸ ಮಾಡುವುದರಿಂದ ಚುರುಕೋ ಚುರುಕು. ಇಂಥ ಯಂತ್ರದಲ್ಲಿ ಬರೆಯಿರಿ, ಹಾಡು ಕೇಳಿರಿ, ಮಕ್ಕಳಿಗೆ ಟೈಪಿಂಗ್ ಕಲಿಸಿರಿ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಅದರಲ್ಲಿ ಮಾಡಬೇಡಿರಿ. ಇಪ್ಪತ್ತಮೂರು ಮೆಗಾಬೈಟಿನ ಟೈನಿ ಕೋರ್ ಎಂಬುದೂ ಒಂದುಂಟು. ಅದು ಪ್ರವೀಣರ ವಿನೋದ, ಗೃಹಸ್ಥರಿಗೆ ತಕ್ಕದ್ದಲ್ಲ.

ನಮ್ಮ ವಾಚಕರಲ್ಲಿ ಹಲವರು ಕೇಳುವ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಇದರಲ್ಲಿ ಕನ್ನಡ ಬರೆಯಬಹುದೇ? ಧಾರಾಳವಾಗಿ ಬರೆಯಬಹುದು. ಕೆ.ಪಿ. ರಾಯರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ನಮ್ಮ ಕಛೇರಿಗಳ ಬೆರಳುಗಳಿಗೆ ಅಭ್ಯಾಸವಾಗಿರುವ ಕೀಲಿಮಣೆಯ ವಿನ್ಯಾಸವು ಐಬಸ್ ಮತ್ತು ಎಂ17ಎನ್ ಎಂಬ ಪ್ಯಾಕೇಜುಗಳನ್ನು ಹಾಕಿಕೊಂಡರೆ ಲಿನಕ್ಸಿನಲ್ಲಿ ಕೆಜಿಪಿ ಎಂಬ ಹೆಸರಿನಿಂದ ದೊರೆಯುತ್ತದೆ. ಇನ್‌ಸ್ಕ್ರಿಪ್ಟೂ ಇದೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಮೊದಲಾದ ಅಕ್ಷರಗಳು ಉಚಿತವಾಗಿ ದೊರೆಯುತ್ತವೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬರುವುದಕ್ಕೆ ಮುಂಚಿನ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಪತ್ರ, ಲೇಖನ, ಆತ್ಮಚರಿತ್ರೆಗಳನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಲಿಪಿಯ ರಾಶಿ ಕಾಣುತ್ತದೆ. ನಿವೃತ್ತ ಅಧಿಕಾರಿಗಳು ಹತ್ತು ವರ್ಷ ಕುಳಿತು ಬರೆದದ್ದು ನಾಶವಾಯಿತೆಂದು ಗಾಬರಿಗೊಳ್ಳುವುದು ಇಲ್ಲಿಯೇ. ನಾಶವಾಗಿರುವುದಿಲ್ಲ. ಪರಿವರ್ತಕ ತಂತ್ರಾಂಶಗಳಿಂದ ಅದನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಬಹುದು. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಬೀಳುವ ತಪ್ಪುಗಳನ್ನು ಕಣ್ಣಿಟ್ಟು ತಿದ್ದಬೇಕು. ಈ ಕೆಲಸವನ್ನು ಹಳೆಯ ವ್ಯವಸ್ಥೆ ಇನ್ನೂ ನಡೆಯುತ್ತಿರುವಾಗಲೇ ಮುಗಿಸಿಕೊಳ್ಳುವುದು ಕ್ಷೇಮ. ಲಿನಕ್ಸಿಗೆ ಹೋಗದವರಿಗೂ ಈ ಮಾತು ಸಲ್ಲುತ್ತದೆ.

ಯಾರು ಬದಲಾಯಿಸಬಾರದೆಂಬುದನ್ನೂ ನಿರ್ದಾಕ್ಷಿಣ್ಯವಾಗಿ ಹೇಳಬೇಕಷ್ಟೆ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪೆನಿಯದೇ ಆದರೂ ಅದು ವಿಂಡೋಸನ್ನು ಬೇಡುವ ತಂತ್ರಾಂಶ. ಅದರಲ್ಲಿ ಲೆಕ್ಕವಿಡುವ ವರ್ತಕರು ಇದ್ದಲ್ಲಿಯೇ ಇರತಕ್ಕದ್ದು. ಡಿಜಿಟಲ್ ಸಹಿಯ ಟೋಕನ್ನನ್ನು ಚುಚ್ಚಿ ಕಡತಗಳಿಗೆ ಸಹಿ ಹಾಕುವ ಅಧಿಕಾರಿಗಳೂ ಲೆಕ್ಕಪರಿಶೋಧಕರೂ ತಮ್ಮ ಟೋಕನ್ನು ಲಿನಕ್ಸಿನಲ್ಲಿ ನಡೆಯುವುದೆಂದು ಕಣ್ಣಾರೆ ಕಾಣದೆ ಹೆಜ್ಜೆಯಿಡಬಾರದು. ಮುದ್ರಣಯಂತ್ರಗಳಲ್ಲಿ ಎಚ್‌ಪಿಯವು ಸಾಮಾನ್ಯವಾಗಿ ತಕರಾರಿಲ್ಲದೆ ಹೊಂದಿಕೊಳ್ಳುತ್ತವೆ. ನಮ್ಮ ಅಂಗಡಿ ಕಛೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸಿನಲ್ಲಿ ಹಟಮಾರಿಯೆಂದೇ ಹೆಸರಾದದ್ದು. ಜೀವನ ಪ್ರಮಾಣಪತ್ರಕ್ಕಾಗಿ ವಿಂಡೋಸನ್ನು ಹಿಡಿದಿರುವ ಪಿಂಚಣಿದಾರರಿಗೆ ಆ ಚಿಂತೆ ಬೇಡ. 2021ರಿಂದ ಆ್ಯಂಡ್ರಾಯ್ಡ್ ಫೋನಿನಲ್ಲಿ ಮುಖ ತೋರಿಸಿಯೇ ಆ ಕೆಲಸವನ್ನು ಮುಗಿಸಬಹುದು.

ಬದಲಾಯಿಸಬೇಕೆನ್ನುವವರು ಮೊದಲು ಫೋಟೋ, ಕಾಗದಪತ್ರಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿಕೊಳ್ಳಬೇಕು. ಅನಂತರ ಎಂಟು ಗಿಗಾಬೈಟಿನ ಒಂದು ಪೆನ್‌ಡ್ರೈವಿಗೆ ವ್ಯವಸ್ಥೆಯನ್ನಿಳಿಸಿ, ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಎಬ್ಬಿಸಿ ನಾಲ್ಕು ದಿನ ನಡೆಸಬಹುದು. ಇದಕ್ಕೆ ಲೈವ್ ಎಂದು ಹೆಸರು. ಪೆನ್‌ಡ್ರೈವಿನ ನಿಧಾನವು ಡಿಸ್ಕಿನ ಮೇಲೆ ಕೂರಿಸಿದಾಗ ಇರುವುದಿಲ್ಲವಾದ್ದರಿಂದ ಅದನ್ನು ಕಂಡು ನಿರುತ್ಸಾಹಗೊಳ್ಳಬೇಕಾಗಿಲ್ಲ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮರಾ ಕಾಣುತ್ತದೆಯೇ, ಮುಚ್ಚಳ ಮುಚ್ಚಿದರೆ ಮಲಗಿ ತೆರೆದರೆ ಏಳುತ್ತದೆಯೇ ಎಂಬ ನಾಲ್ಕನ್ನು ಪರೀಕ್ಷಿಸಿರಿ. ಈ ಕೊನೆಯದು ಸರಿಯಿದ್ದರೆ ದಿನದಿನವೂ ಯಂತ್ರವನ್ನು ಪೂರ್ತಿ ಆರಿಸುವ ಅಗತ್ಯವೇ ಇಲ್ಲ. ಮುಚ್ಚಳ ತೆರೆದೊಡನೆ ನಿನ್ನೆ ಬಿಟ್ಟ ಸಾಲಿನಲ್ಲಿಯೇ ಕೆಲಸ ಮುಂದುವರಿಯುತ್ತದೆ. ನಾಲ್ಕೂ ಒಪ್ಪಿಗೆಯಾದ ಮೇಲೆ ಡಿಸ್ಕಿನ ಮೇಲೆ ಕೂರಿಸುವುದು. ಇಡೀ ಡಿಸ್ಕನ್ನು ಅಳಿಸಬಹುದೇ ಎಂದು ಇನ್‌ಸ್ಟಾಲರು ಕೇಳುವ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರಿಸುವುದು.

ಯಾವ ಉಪಾಯಕ್ಕೂ ಬಗ್ಗದ, ಬೋರ್ಡೇ ಸುಟ್ಟುಹೋದ ಯಂತ್ರಗಳನ್ನು ಬೀದಿಯ ಗುಜರಿಯವರಿಗೆ ತೂಕಕ್ಕೆ ಹಾಕಬಾರದು. ಬ್ಯಾಟರಿ, ಸೀಸ ಮೊದಲಾದವು ಸುಟ್ಟು ಹೊಗೆಯಾಗಿ ಮಕ್ಕಳ ಮೂಗನ್ನು ಸೇರುತ್ತವೆ. ಸರಕಾರದ ಅನುಮತಿ ಪಡೆದ ಇ-ತ್ಯಾಜ್ಯ ಸಂಸ್ಕರಣಕಾರರಿಗೇ ಅವನ್ನು ಒಪ್ಪಿಸತಕ್ಕದ್ದು. ಇಂಥ ಉದ್ಯಮಗಳಲ್ಲಿ ದೇಶಕ್ಕೆ ಮೊದಲಿನದೆನ್ನಿಸಿಕೊಂಡ ಇ-ಪರಿಸರವು 2005ರಲ್ಲಿ ಆರಂಭವಾದದ್ದು ನಮ್ಮ ಡಾಬಸ್‌ಪೇಟೆಯಲ್ಲಿಯೇ. ಒಪ್ಪಿಸುವ ಮುನ್ನ ಒಳಗಿನ ಡಿಸ್ಕನ್ನು ಬಿಚ್ಚಿ ಮನೆಯಲ್ಲಿರಿಸಿಕೊಳ್ಳಿರಿ; ನಿಮ್ಮ ಬ್ಯಾಂಕಿನ ಪಾಸ್‌ವರ್ಡುಗಳು ಯಂತ್ರ ಸತ್ತರೂ ಅದರೊಳಗೆ ಜೀವಂತವಾಗಿಯೇ ಇರುತ್ತವೆ.